ಸತ್ತವಳ ಹಿಂದೆ ಬಿದ್ದವರು

ಜೇಮ್ಸ್ ಎಲ್ರಾಯ್ ಬರೆದ ‘ದಿ ಬ್ಲ್ಯಾಕ್ ಡೇಲಿಯಾ’ (1987) ಕಾದಂಬರಿಯನ್ನು ರಾತ್ರಿ ಮಲಗೋ ಮುಂಚೆ ಓದೋಕೆ ತಗೋಬೇಡಿ. ರಕ್ತ ಬೇಕಾದಷ್ಟಿದೆ, ಅದನ್ನು ಹೇಗೋ ತಡ್ಕೋಬಹುದು. ನಿದ್ದೆ ಕೆಡಿಸೋದು ಅದರ ಪತ್ತೇದಾರ.

1947ರ ಜನವರಿ 15ರಂದು ಲಾಸ್ ಏಂಜಲೀಸ್‌ನ ಒಂದು ಖಾಲಿ ಸೈಟಿನಲ್ಲಿ ಎಲಿಜಬೆತ್ ಶಾರ್ಟ್ ಎಂಬ 22 ವರ್ಷದ ಹುಡುಗಿಯ ಶವ ಸಿಕ್ಕಿತು. ಇದು ನಿಜವಾಗಿ ನಡೆದ ಕೊಲೆ. ಕೊಂದವರು ಯಾರಂತ ಇವತ್ತಿಗೂ ಸಾಬೀತಾಗಿಲ್ಲ. ಎಲ್ರಾಯ್ ಈ ಕೇಸನ್ನು ಇಬ್ಬರು ಮಾಜಿ ಬಾಕ್ಸರ್ ಪೊಲೀಸರ ಕೈಗೆ ಕೊಡ್ತಾನೆ. ಲೀ ಬ್ಲಾಂಚರ್ಡ್‌ಗೆ ಚಿಕ್ಕಂದಿನಲ್ಲಿ ಕಾಣೆಯಾದ ತಂಗಿಯ ಕೊರಗು. ಬಕಿ ಬ್ಲೈಕರ್ಟ್‌ಗೆ ಶುರುವಿನಲ್ಲಿ ಈ ಕೇಸೇ ಬೇಡ. ಆಮೇಲೆ ಅವನ ಮದುವೆ, ನೌಕರಿ ಎರಡೂ ಅದರಲ್ಲೇ ಮುಳುಗುತ್ತವೆ. ಸತ್ತವಳನ್ನು ಹೋಲುವ ಹೆಂಗಸಿನ ಸಹವಾಸಕ್ಕೂ ಬೀಳ್ತಾನೆ.

ಇದು ನ್ಯಾಯದ ಹಂಬಲವಾ, ಬರೀ ಗೀಳಾ?

ನಮ್ಮ ಕೆಲಸದಲ್ಲಿ ಈ ಗೀಳಿಗೆ ಮರ್ಯಾದೆ ಜಾಸ್ತಿ. ಒಂದು ಬಗ್ ಹಿಂದೆ ಬಿದ್ದು ಬೆಳಗಿನ ಜಾವ ಮೂರಕ್ಕೆ ಅದರ ಮೂಲ ಹಿಡಿದಾಗ ಸಿಗೋ ಸುಖ ನನಗೂ ಗೊತ್ತು. ಆದರೆ ಬಗ್‌ಗೆ ಅಮ್ಮ ಇರಲ್ಲ. ಎಲಿಜಬೆತ್‌ಗೆ ಇದ್ದಳು. ಕೊಲೆಯ ಸುದ್ದಿ ಮುಟ್ಟೋ ಮುಂಚೆಯೇ ಆ ಅಮ್ಮನಿಗೆ ಒಬ್ಬ ಪತ್ರಕರ್ತ ಫೋನ್ ಮಾಡಿ, ‘ನಿಮ್ಮ ಮಗಳು ಸೌಂದರ್ಯ ಸ್ಪರ್ಧೆ ಗೆದ್ದಿದ್ದಾಳೆ’ ಅಂತ ಸುಳ್ಳು ಹೇಳಿ, ಬೇಕಾದ ವಿವರಗಳನ್ನೆಲ್ಲ ಪಡೆದುಕೊಂಡ. ಆಮೇಲೆ ವಿಷಯ ತಿಳಿಸಿದ. ಅವನಿಗೂ ಬೇಕಿದ್ದದ್ದು ಮಾಹಿತಿಯೇ. ಪುಟ ಮಗುಚುತ್ತಾ ಕೂತ ನಮಗೂ ಅದೇ ತಾನೇ?

ಹಾಗಂತ ಗೀಳೇ ಪಾಪ ಅನ್ನೋಕಾಗಲ್ಲ. ಸತ್ತವರು ಬಂದು ದೂರು ಕೊಡಲ್ಲ. ಯಾರೋ ಒಬ್ಬ ನಿದ್ದೆಗೆಟ್ಟು ಬೆನ್ನು ಹತ್ತದಿದ್ದರೆ ಫೈಲು ಧೂಳು ತಿನ್ನುತ್ತೆ. ಉದಾಸೀನಕ್ಕಿಂತ ಗೀಳೇ ವಾಸಿ. ಆದರೆ ಗೀಳಿಗೆ ಬೇಕಿರೋದು ಉತ್ತರ; ಆ ಮನುಷ್ಯಳು ಅದಕ್ಕೆ ಬರೀ ದಾರಿ. ಅಷ್ಟೊಂದು ಪುಟ ಓದಿದ ಮೇಲೂ ನಮ್ಮ ಕಣ್ಣಿಗೆ ಕಟ್ಟೋದು ಅವಳು ಸತ್ತ ರೀತಿ, ಬದುಕಿದ ರೀತಿ ಅಲ್ಲ.

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ, ಹೇಗೆ ಹೋದರು ಅಂತ ಒಂದು ಸಲ ಕೇಳ್ತಾರೆ. ಹೇಗಿದ್ದರು ಅನ್ನೋದನ್ನು ತಿಥಿ ಮುಗಿಯೋವರೆಗೂ ಮಾತಾಡ್ತಾರೆ. ಜಿಪುಣತನ, ಜಗಳ, ಇಷ್ಟದ ಪಲ್ಯ, ಎಲ್ಲಾ ಬರುತ್ತೆ. ಪತ್ತೇದಾರಿ ಕಾದಂಬರಿಯಲ್ಲಿ ಈ ಲೆಕ್ಕ ಉಲ್ಟಾ.

ಎಲ್ರಾಯ್‌ಗೂ ಇದು ಗೊತ್ತಾದ ಹಾಗಿದೆ. 1958ರಲ್ಲಿ, ಅವನಿಗೆ ಹತ್ತು ವರ್ಷವಿದ್ದಾಗ, ಅವನ ತಾಯಿ ಜಿನೀವಾ ಕೊಲೆಯಾದಳು. ಆ ಕೇಸೂ ಬಗೆಹರಿಯಲಿಲ್ಲ. ಮುಂದಿನ ವರ್ಷ ಅಪ್ಪ ಕೊಟ್ಟ ಒಂದು ಪುಸ್ತಕದಲ್ಲಿ ಎಲಿಜಬೆತ್ ಬಗ್ಗೆ ಓದಿದ ಹುಡುಗ ಅವಳಿಗೇ ಅಂಟಿಕೊಂಡ. ಅಮ್ಮನಿಗಾಗಿ ಅಳಲಾರದವನು ಬೇರೆಯವಳ ಸಾವನ್ನು ಎರವಲು ಪಡೆದನೇನೋ. ಕಾದಂಬರಿಯನ್ನು ಅಮ್ಮನಿಗೇ ಅರ್ಪಿಸಿದ್ದಾನೆ.

ಮುಂದೆ ನಿವೃತ್ತ ಪತ್ತೇದಾರ ಬಿಲ್ ಸ್ಟೋನರ್ ಜೊತೆ ಸೇರಿ ಅಮ್ಮನ ಕೇಸನ್ನೇ ಮತ್ತೆ ಕೆದಕಿ, 1996ರಲ್ಲಿ ‘ಮೈ ಡಾರ್ಕ್ ಪ್ಲೇಸಸ್’ ಬರೆದ. ಕೊಂದವನು ಸಿಗಲಿಲ್ಲ. ಆದರೆ ಹುಡುಕಾಟ ಅವನನ್ನು ವಿಸ್ಕಾನ್ಸಿನ್‌ಗೆ, ಅಮ್ಮ ಹುಟ್ಟಿ ಬೆಳೆದ ಕಡೆಗೆ, ಅವಳ ಕಡೆಯ ನೆಂಟರ ಹತ್ತಿರಕ್ಕೆ ಒಯ್ದಿತು. ಅವಳು ಹೇಗಿದ್ದಳು ಅಂತ ಅಲ್ಲಿ ಹೇಳುವವರಿದ್ದರು.