ಗುಮ್ಮ ಅಜ್ಜನಾದ ಮೇಲೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಆಚೆಗೆ ಐಲ್ ಆಫ್ ವೈಟ್ ಎಂಬ ದ್ವೀಪವಿದೆ. ಪ್ರತಿವರ್ಷ ಆಗಸ್ಟ್ ಕೊನೆಯ ವಾರಾಂತ್ಯದಲ್ಲಿ, ಸೋಮವಾರದ ಬ್ಯಾಂಕ್ ರಜೆಯೂ ಸೇರಿ ಮೂರು ದಿನ ಬಿಡುವು ಸಿಗುವ ಹೊತ್ತಿಗೆ, ಸಾವಿರಾರು ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರುಗಳು ಫೆರ್ರಿಯಲ್ಲಿ ಕಡಲು ದಾಟಿ ಅಲ್ಲಿ ಇಳಿಯುತ್ತವೆ. ರೈಡ್ ಎಂಬ ಊರಿನ ದಂಡೆಯ ರಸ್ತೆಯುದ್ದಕ್ಕೂ ಅವು ಸಾಲುಗಟ್ಟಿ ನಿಲ್ಲುತ್ತವೆ. ಹಗಲು ಸ್ಕೂಟರುಗಳ ಮೆರವಣಿಗೆ, ಸಂಜೆಯಾದರೆ ಬ್ಯಾಂಡುಗಳ ಹಾಡು, ಕುಣಿತ. ಬರುವವರಲ್ಲಿ ಹೆಂಡತಿ ಮಕ್ಕಳೊಂದಿಗೆ ಬರುವವರಿದ್ದಾರೆ, ಮೊಮ್ಮಕ್ಕಳನ್ನು ಕರೆತರುವವರಿದ್ದಾರೆ. ಟೆಂಟು, ತಿಂಡಿಯ ಡಬ್ಬಿ, ಮಕ್ಕಳಿಗೆ ಮರಳಾಟದ ಬಕೆಟ್ಟು. ಸಂಸಾರ ಸಮೇತ ಜಾತ್ರೆಗೆ ಹೋದ ಹಾಗೆ.

ಇದರಲ್ಲಿ ತಾತ್ವಿಕ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅರವತ್ತು ವರ್ಷಗಳ ಹಿಂದೆ ಇದೇ ಸ್ಕೂಟರುಗಳು, ಇಂಥದ್ದೇ ಕಡಲದಂಡೆಗಳಲ್ಲಿ, ಇಂಥದ್ದೇ ರಜೆಯ ದಿನಗಳಲ್ಲಿ ಒಂದು ದೇಶವನ್ನು ಹೆದರಿಸಿದ್ದವು. ಅಂದು ಊರಿನವರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವಂತೆ ಮಾಡಿದ್ದು ಇಂದು ಮಕ್ಕಳನ್ನೇ ಕರೆದುಕೊಂಡು ಹೋಗುವ ಹಬ್ಬವಾಗಿದೆ. ಹೀಗಾದಾಗ ಆ ಹಳೆಯ ಬಂಡಾಯ ಸೋತಿತೆ, ಗೆದ್ದಿತೆ? ಅದರ ವಾರಸುದಾರರು ಎಂದು ಹೇಳಿಕೊಳ್ಳುವವರು ಯಾವುದಕ್ಕೆ ನಿಷ್ಠರಾಗಿರಬೇಕು?

ಮೊದಲು ನಡೆದದ್ದೇನು ಎಂದು ನೋಡೋಣ. 1964ರ ಈಸ್ಟರ್ ರಜೆಯಲ್ಲಿ ಕ್ಲಾಕ್ಟನ್ ಎಂಬ ಕಡಲೂರಿನಲ್ಲಿ ವಿಪರೀತ ಚಳಿ. ಅಂಗಡಿಯವರಿಗೆ ವ್ಯಾಪಾರವಿಲ್ಲ, ಲಂಡನ್ನಿನಿಂದ ಬಂದ ಹುಡುಗರಿಗೆ ಮಾಡಲು ಕೆಲಸವಿಲ್ಲ. ಒಂದಿಷ್ಟು ಕಿತ್ತಾಟ, ಕಿಟಕಿ ಗಾಜು ಪುಡಿ, ಸ್ಕೂಟರುಗಳ ಅಬ್ಬರದ ಓಡಾಟ. ಮರುದಿನದ ಪತ್ರಿಕೆಗಳಲ್ಲಿ ಅದು ಊರಿನ ಮೇಲೆ ನಡೆದ ದಾಳಿಯಾಯಿತು. ಮೇ ತಿಂಗಳ ರಜೆಗೆ ಬ್ರೈಟನ್, ಮಾರ್ಗೇಟ್‌ಗಳಲ್ಲಿ ಸ್ಕೂಟರಿನ 'ಮಾಡ್' ಹುಡುಗರೂ ಮೋಟರ್‌ಸೈಕಲ್ಲಿನ 'ರಾಕರ್' ಹುಡುಗರೂ ಹೊಡೆದಾಡಿದರು. ಅದೇ ವರ್ಷ ಆಸ್ತಿ ಹಾನಿಗೆ ದಂಡ ಹೆಚ್ಚಿಸುವ ಕಾನೂನು ಬಂತು.

ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೇ ಅಧ್ಯಯನ ಮಾಡಿ 1972ರಲ್ಲಿ 'ಫೋಕ್ ಡೆವಿಲ್ಸ್ ಅಂಡ್ ಮಾರಲ್ ಪ್ಯಾನಿಕ್ಸ್' ಎಂಬ ಪುಸ್ತಕ ಬರೆದ. ಆದ ಹಾನಿ ಸಣ್ಣದು, ಎದ್ದ ದಿಗಿಲು ದೊಡ್ಡದು ಎಂಬುದು ಅವನು ಕಂಡ ಸತ್ಯ. 'ಫೋಕ್ ಡೆವಿಲ್' ಎಂಬುದಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಿಲ್ಲ. ನಮ್ಮಲ್ಲಿ ಗುಮ್ಮ ಇದ್ದಾನೆ. ವ್ಯತ್ಯಾಸವಿಷ್ಟೆ: ನಾವು ಗುಮ್ಮನನ್ನು ಮಕ್ಕಳನ್ನು ಹೆದರಿಸಲು ಮಾಡಿದೆವು, ಈ ಗುಮ್ಮನನ್ನು ದೊಡ್ಡವರು ತಮ್ಮನ್ನೇ ಹೆದರಿಸಿಕೊಳ್ಳಲು, ಮಕ್ಕಳಿಂದ ಮಾಡಿಕೊಂಡರು.

ಕೋಹೆನ್ ಹೇಳುವ ಒಂದು ಪ್ರಸಂಗ ನನಗೆ ಮರೆಯುವುದಿಲ್ಲ. ಮಾರ್ಗೇಟ್ ಕೋರ್ಟಿನಲ್ಲಿ ಒಬ್ಬ ಹದಿಹರೆಯದ ಹುಡುಗ ದಂಡದ ಹಣವನ್ನು ಚೆಕ್ಕಿನಲ್ಲಿ ಕಟ್ಟುತ್ತೇನೆ ಎಂದ. ಈ ಪೀಳಿಗೆ ದುಡ್ಡಿನ ಮದದಿಂದ ಹಾಳಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಪತ್ರಿಕೆಗಳು ಅದನ್ನು ಎತ್ತಿ ಹಿಡಿದವು. ಆ ಹುಡುಗನಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಕಟಕಟೆಯಲ್ಲಿ ನಿಂತು ಮಾನ ಉಳಿಸಿಕೊಳ್ಳಲು ಆಡಿದ ಚೇಷ್ಟೆಯ ಮಾತು ಅದು. ಅವನನ್ನು ಒಬ್ಬ ಹುಡುಗನಾಗಿ ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಅವನು ಆಗಲೇ ಒಂದು ಜಾತಿಯ ಮಾದರಿಯಾಗಿಬಿಟ್ಟಿದ್ದ.

ಇನ್ನು ಪ್ರಶ್ನೆಗೆ ಬರೋಣ. ಒಂದು ವಾದ ಹೀಗಿದೆ: ಬಂಡಾಯವು ಕುಟುಂಬದ ರಜೆಯಾದರೆ ಅದು ಸತ್ತಂತೆ, ಹುಲಿಯ ಹಲ್ಲು ಕಿತ್ತು ಸರ್ಕಸ್ಸಿನಲ್ಲಿ ಕೂರಿಸಿದ ಹಾಗೆ. ಈ ವಾದ ಕೇಳಲು ಚೆನ್ನಾಗಿದೆ. ಆದರೆ ಮೊದಲಿಗೆ ಅಲ್ಲಿ ಇದ್ದದ್ದಾದರೂ ಏನು? ಕನ್ನಡದಲ್ಲಿ ಬಂಡಾಯ ಎಂಬ ಮಾತಿಗೆ ಬೇರೆಯದೇ ತೂಕವಿದೆ; 1979ರಲ್ಲಿ ಇಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಜಾತಿಯ, ಹಸಿವಿನ ಎದುರಿಗೆ. ಮಾಡ್ ಹುಡುಗರದ್ದು ಅಂಥ ಬಂಡಾಯವಲ್ಲ. ಅವರಲ್ಲಿ ಬಹಳಷ್ಟು ಮಂದಿ ಆಫೀಸುಗಳಲ್ಲಿ, ಅಂಗಡಿಗಳಲ್ಲಿ ದುಡಿಯುತ್ತಿದ್ದ ಕೆಳವರ್ಗದ ಮಕ್ಕಳು. ವಾರದ ಸಂಬಳವನ್ನು ಸೂಟಿಗೆ, ರೆಕಾರ್ಡಿಗೆ, ಸ್ಕೂಟರಿನ ಕಂತಿಗೆ ಸುರಿದವರು. ಸ್ಕೂಟರು ಇಟಲಿಯದು. ಸೂಟಿಗೆ ಕೊಳೆಯಾಗದಿರಲೆಂದು ಮೇಲೆ ಹಾಕುತ್ತಿದ್ದ ಪಾರ್ಕಾ ಕೋಟು ಅಮೆರಿಕದ ಸೈನ್ಯದ್ದು. ಹಾಡು ಅಮೆರಿಕದ ಕಪ್ಪು ಜನರ ಸೋಲ್, ಮತ್ತು ಜಮೈಕಾದಿಂದ ವಲಸೆ ಬಂದವರು ತಂದ ಸ್ಕಾ. ಎಲ್ಲವೂ ಎರವಲು. ಇಂದು ದಂಡೆಯಲ್ಲಿ ಕಾಣುವ ನರೆಗೂದಲಿನವರಲ್ಲೂ ಅನೇಕರು ಮೊದಲ ತಲೆಮಾರಿನವರಲ್ಲ. 'ಕ್ವಾಡ್ರೊಫೀನಿಯ' ಸಿನಿಮಾ ಬಂದ 1979ರ ಸುಮಾರಿಗೆ ಆ ಕಾಲವನ್ನು ಮತ್ತೆ ತೊಟ್ಟುಕೊಂಡವರು. ಕೆಡಿಸಲು ಶುದ್ಧವಾದ ಮೂಲವೊಂದು ಅಲ್ಲಿ ಇರಲೇ ಇಲ್ಲ.

ಸ್ಕೂಟರಿನಲ್ಲಿ ಬಂಡಾಯವೇನೂ ತುಂಬಿರಲಿಲ್ಲ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಟಲಿಯ ಇನ್ನೊಸೆಂಟಿ ಕಂಪನಿ 1971ರಲ್ಲಿ ಲ್ಯಾಂಬ್ರೆಟಾ ತಯಾರಿಕೆ ನಿಲ್ಲಿಸಿದ ಮೇಲೆ ಅದರ ಯಂತ್ರಗಳನ್ನು ಭಾರತ ಕೊಂಡಿತು. ಲಖನೌದ ಸ್ಕೂಟರ್ಸ್ ಇಂಡಿಯಾ ಕಾರ್ಖಾನೆಯಿಂದ ಅದೇ ವಂಶದ ಗಾಡಿ ವಿಜಯ್ ಸೂಪರ್ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಿಗೆ ಬಂತು. ಲ್ಯಾಂಬ್ರೆಟಾ ಎಂಬ ಹೆಸರಿನಲ್ಲೇ ಬ್ರಿಟನ್ನಿಗೂ ಹೋಯಿತು. ವೆಸ್ಪಾದ ಕುಲದ ಬಜಾಜ್ ಚೇತಕ್‌ಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದರು. ಮೇಷ್ಟ್ರು, ಗುಮಾಸ್ತರು, ಕಂಪೌಂಡರುಗಳ ಗಾಡಿ ಅದು. ನಮ್ಮ ಮನೆಯ ಚೇತಕ್ಕಿನ ಮೇಲೆ ಅಪ್ಪ, ಅಮ್ಮ, ನಡುವೆ ಅಕ್ಕ, ಮುಂದೆ ಹ್ಯಾಂಡಲ್ ಹಿಡಿದು ನಿಂತ ನಾನು. ಸ್ಟಾರ್ಟ್ ಆಗದಿದ್ದರೆ ಅಪ್ಪ ಅದನ್ನು ಒಂದು ಬದಿಗೆ ವಾಲಿಸಿ ನಿಲ್ಲಿಸಿ ಕಿಕ್ ಹೊಡೆಯುತ್ತಿದ್ದರು. ಅದನ್ನು ಕಂಡು ಹೆದರಿದವರು ಯಾರೂ ಇಲ್ಲ. ಒಂದೇ ಯಂತ್ರ ಒಂದು ಕಡೆ ಗುಮ್ಮ, ಇನ್ನೊಂದು ಕಡೆ ಮರ್ಯಾದಸ್ಥ ಗೃಹಸ್ಥ. ಹಾಗಾದರೆ ಆ ಭಯ ಇದ್ದದ್ದು ಗಾಡಿಯಲ್ಲಲ್ಲ, ನೋಡುವ ಕಣ್ಣಿನಲ್ಲಿ.

ಇದನ್ನು ಒಪ್ಪಿದರೆ ಎರಡನೆಯ ವಾದ ಸುಲಭವಾಗಿ ಬಂದು ಕೂರುತ್ತದೆ: ಅಂದೂ ಇದು ಬಟ್ಟೆ, ಹಾಡು, ಗೆಳೆತನದ ಮಾತೇ ಆಗಿತ್ತು, ಇಂದು ಅದೇ ಉಳಿದಿದೆ, ಯಾರೂ ಏನನ್ನೂ ಕಳೆದುಕೊಂಡಿಲ್ಲ. ಈ ಮಾತಿಗೆ ನಾನು ಬಹುಪಾಲು ಒಪ್ಪುತ್ತಿದ್ದೆ. ಒಂದು ವರ್ಷ ರೈಡ್‌ನ ದಂಡೆಯಲ್ಲಿ ಕೇಳಿದ ನಾಲ್ಕು ಮಾತು ನನ್ನನ್ನು ತಡೆಯಿತು.

ಅರವತ್ತು ದಾಟಿದ ಒಬ್ಬರು ತಮ್ಮ ಲ್ಯಾಂಬ್ರೆಟಾದ ಸೀಟಿನ ಮೇಲೆ ಏಳೆಂಟು ವರ್ಷದ ಮೊಮ್ಮಗನನ್ನು ಕೂರಿಸಿ, ಅವನ ತಲೆಗೆ ತಮ್ಮ ಹೆಲ್ಮೆಟ್ಟು ಹಾಕುತ್ತಿದ್ದರು. ಅವರ ಜಾಕೆಟ್ಟಿನ ತುಂಬ ಹೋದ ರ‍್ಯಾಲಿಗಳ ಬಿಲ್ಲೆಗಳನ್ನು ಹೊಲಿದಿತ್ತು. ಅಷ್ಟರಲ್ಲಿ ಮುಖ ಮುಚ್ಚುವ ಕಪ್ಪು ಮಂಗನಟೋಪಿ ಎಳೆದುಕೊಂಡ ನಾಲ್ವರು ಹುಡುಗರು ಎಲೆಕ್ಟ್ರಿಕ್ ಬೈಕುಗಳಲ್ಲಿ ಜನರ ನಡುವೆಯೇ ಜೋರಾಗಿ ಹಾದುಹೋದರು. "ಇವರಿಗೆ ಯಾರ ಭಯವೂ ಇಲ್ಲ. ಗಾಡಿ ಕಿತ್ತುಕೊಂಡು ಒಳಗೆ ಹಾಕಬೇಕು," ಎಂದರು ಅವರು. ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದ ಅವರ ಹೆಂಡತಿ, "ನಿಮ್ಮನ್ನೂ ಹಾಗೇ ಅಂದಿದ್ದರಲ್ಲ," ಎಂದು ನಕ್ಕರು. ಅವರು ನಗಲಿಲ್ಲ. "ನಾವು ಹೀಗಿರಲಿಲ್ಲ," ಎಂದರು.

ನಾವು ಹೀಗಿರಲಿಲ್ಲ. ಇದು ಸುಳ್ಳಲ್ಲ, ಅವರು ನಿಜವಾಗಿಯೂ ಬೇರೆ ಇದ್ದಿರಬಹುದು. ಆದರೆ ಅವರಿಗೆ ಹಿಂದಿನವರೂ ಇದೇ ಮಾತು ಆಡಿದ್ದರು. ಎರಡನೆಯ ವಾದ ಮರೆಯುವುದು ಇಲ್ಲಿಯೇ. ಹಾಡು ಉಳಿಯಿತು, ಬಟ್ಟೆ ಉಳಿಯಿತು, ಕ್ರೋಮಿನ ಹೊಳಪು ಉಳಿಯಿತು; ಭಯಕ್ಕೆ ಗುರಿಯಾಗಿದ್ದ ನೆನಪು ಮಾತ್ರ ಉಳಿಯಲಿಲ್ಲ. ಉಳಿದಲ್ಲಿಯೂ ಅದು ಹೆಮ್ಮೆಯ ಕತೆಯಾಗಿ ಉಳಿಯಿತು, ತಿಳಿವಳಿಕೆಯಾಗಿ ಉಳಿಯಲಿಲ್ಲ. ಯಾವುದೇ ಅನುಭವದಿಂದ ನಾವು ಕಲಿತದ್ದು ನಮ್ಮಂಥವರಿಗೆ ಮಾತ್ರ ಅನ್ವಯಿಸುವುದಾದರೆ ಅದನ್ನು ಕಲಿಕೆ ಎನ್ನಲು ಬರುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಜನರ ನಡುವೆ ಬೈಕು ಓಡಿಸಿದರೆ ಮಗುವಿನ ಕಾಲು ಮುರಿಯುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ವೀಲಿ ಮಾಡುವ ಹುಡುಗ ತನ್ನ ಜೀವವನ್ನೂ ಎದುರಿನವರ ಜೀವವನ್ನೂ ಪಣಕ್ಕಿಡುತ್ತಾನೆ. ಭಯವೆಲ್ಲ ಪೊಳ್ಳು ಎಂದು ಹೇಳಿ ಸುಮ್ಮನಿರಲಾದೀತೆ? ಖಂಡಿತ ಆಗದು. 1964ರಲ್ಲಿಯೂ ಗಾಜು ಒಡೆದದ್ದು ನಿಜ. ಒಡೆದವನು ದಂಡ ಕಟ್ಟಬೇಕಾದದ್ದೂ ನ್ಯಾಯ. ಕೋಹೆನ್ ಏನೂ ನಡೆಯಲಿಲ್ಲ ಎಂದು ಹೇಳಲಿಲ್ಲ. ನಡೆದದ್ದಕ್ಕೂ ಅದರ ಮೇಲೆ ಕಟ್ಟಿದ್ದಕ್ಕೂ ಇರುವ ಅಂತರವನ್ನು ತೋರಿಸಿದ, ಅಷ್ಟೆ. ಮಾಡಿದ ತಪ್ಪಿಗೆ ಶಿಕ್ಷೆ ಕೊಡುವುದು ಒಂದು, ತಪ್ಪಿನಿಂದ ಒಂದು ಜಾತಿಯ ಮನುಷ್ಯರನ್ನೇ ಹುಟ್ಟಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೊನೆಯಿದೆ, ದಂಡ ಕಟ್ಟಿದರೆ ಮುಗಿಯಿತು. ಎರಡನೆಯದರಲ್ಲಿ ಹುಡುಗನಿಗೆ ಬಿಡುಗಡೆಯಿಲ್ಲ; ಅವನ ಟೋಪಿ, ಕೂದಲು, ಓಣಿ, ಆಡುವ ಭಾಷೆ ಎಲ್ಲವೂ ಸಾಕ್ಷಿಯಾಗುತ್ತವೆ, ಅವನ ಚೇಷ್ಟೆಯೂ ಸಾಕ್ಷಿಯಾಗುತ್ತದೆ.

ಹೀಗಾಗಿ ಬಂಡಾಯ ಹಬ್ಬವಾದದ್ದು ದ್ರೋಹ ಎಂದು ನನಗೆ ಅನ್ನಿಸುವುದಿಲ್ಲ. ಹದಿನೇಳರ ಸಿಟ್ಟನ್ನು ಅರವತ್ತರಲ್ಲೂ ಹೊತ್ತು ತಿರುಗಬೇಕು ಎಂದು ಕೇಳುವುದು ಕ್ರೌರ್ಯ. ಕಡಲ ಗಾಳಿಯಲ್ಲಿ ಹಾಡು ಕೇಳುತ್ತ ಮೊಮ್ಮಗನ ಕೈ ಹಿಡಿದು ಕುಣಿಯುವುದರಲ್ಲಿ ನಾಚಿಕೆಪಡುವಂಥದ್ದೇನಿದೆ? ಆದರೆ ಒಮ್ಮೆ ಗುಮ್ಮನಾಗಿದ್ದವರು ಅಜ್ಜನಾದಾಗ ಅವರಿಗೆ ಬೇರೆಯವರಿಗಿಲ್ಲದ ಒಂದು ಹೊಣೆ ಬರುತ್ತದೆ. ಗುಮ್ಮನ ಚರ್ಮದ ಒಳಗೆ ಏನಿರುತ್ತದೆ ಎಂಬುದು ಅವರಿಗೆ ಒಳಗಿನಿಂದ ಗೊತ್ತು. ಆ ತಿಳಿವಳಿಕೆಯನ್ನು ಬಿಲ್ಲೆಗಳ ಜೊತೆ ಜಾಕೆಟ್ಟಿಗೆ ಹೊಲಿದು ಸುಮ್ಮನಾದರೆ ಅದು ಯಾರಿಗೂ ದಕ್ಕುವುದಿಲ್ಲ.

ಹೆಲ್ಮೆಟ್ಟಿನೊಳಗಿಂದ ಕಣ್ಣು ಪಿಳುಕಿಸುತ್ತಿದ್ದ ಆ ಮೊಮ್ಮಗನಿಗೆ ಇನ್ನು ಹತ್ತು ವರ್ಷಕ್ಕೆ ಹದಿನೇಳೋ ಹದಿನೆಂಟೋ ಆಗುತ್ತದೆ. ಅವನು ಸ್ಕೂಟರು ಓಡಿಸುತ್ತಾನೆಂದು ಹೇಳಲಾಗದು. ದೊಡ್ಡವರಿಗೆ ಅರ್ಥವಾಗದ ಏನನ್ನೋ ಓಡಿಸುತ್ತಾನೆ, ಏನನ್ನೋ ತೊಡುತ್ತಾನೆ, ಕೇಳಲಾಗದ ಏನನ್ನೋ ಕೇಳುತ್ತಾನೆ. ಆಗ ಅಜ್ಜನಿಂದ ಅವನಿಗೆ ಬೇಕಾಗುವುದು ತಿಕ್ಕಿ ಹೊಳಪಿಸಿದ ಲ್ಯಾಂಬ್ರೆಟಾ ಅಲ್ಲ. ಅವನ ಮಾತನ್ನು ಸಾಕ್ಷಿಯಾಗಿ ಬರೆದುಕೊಳ್ಳದೆ ಮಾತಾಗಿ ಕೇಳಿಸಿಕೊಳ್ಳುವ ಒಂದು ಕಿವಿ.