ತಿರುವಿನಲ್ಲಿ ಕಣ್ಣು ಎಲ್ಲಿರಬೇಕು

ಬೈಕಿನಿಂದ ಬಿದ್ದು ಎದ್ದವರಿಗೆ ನಮ್ಮ ಕಡೆ ಸಿಗುವ ಬುದ್ಧಿಮಾತು ಒಂದೇ: "ಇನ್ನು ನಿಧಾನ ಹೋಗು." ಮಾತು ಸರಿಯೇ. ಆದರೆ ಬಿದ್ದ ಮೇಲೆ ನಿಧಾನ ಹೋಗುವವರೆಲ್ಲ ಜಾಗ್ರತೆಯಿಂದ ಹೋಗುತ್ತಿದ್ದಾರೆಂದು ನನಗೆ ಅನಿಸುವುದಿಲ್ಲ. ಅವರಲ್ಲಿ ಅನೇಕರು ಹೆದರಿ ಹೋಗುತ್ತಿರುತ್ತಾರೆ. ನೇರ ರಸ್ತೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನನ್ನ ಅಕ್ಕನ ಮಗ ಶಿರ್ವದಿಂದ ಬೆಳ್ಮಣ್ ಕಡೆ ಹೋಗುವಾಗ ತಿರುವಿನಲ್ಲಿ ಜಾರಿ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದ. ಮೂಳೆ ಕೂಡಿದ ಮೇಲೆ ಒಂದು ದಿನ ಅವನ ಹಿಂದೆ ಕೂತು ಕಾರ್ಕಳಕ್ಕೆ ಹೊರಟೆ. ತಿರುವು ಹತ್ತಿರವಾದಂತೆ ಅವನ ಭುಜಗಳು ಕಿವಿಯತ್ತ ಏರುತ್ತಿದ್ದವು, ಮೊಣಕೈ ಸೆಟೆದುಕೊಳ್ಳುತ್ತಿತ್ತು, ತಲೆ ಬಗ್ಗುತ್ತಿತ್ತು. "ಎಂತ ನೋಡ್ತಿದ್ದಿ?" ಎಂದೆ. "ಜಲ್ಲಿ ಉಂಟಾ ಅಂತ, ಮಾವ."

ಜಲ್ಲಿ ನೋಡಬೇಕಾದ್ದೇ. ನಮ್ಮ ಒಳರಸ್ತೆಗಳಲ್ಲಿ ಒಂದು ಮಳೆ ಬಂದರೆ ಸಾಕು, ಅಂಚಿನ ಕೆಂಪು ಮಣ್ಣು ಕೊಚ್ಚಿಬಂದು ತಿರುವಿನ ಒಳಮೈಯಲ್ಲೇ ಕೂರುತ್ತದೆ. ಆದರೆ ಅದನ್ನು ನೋಡುವ ಹೊತ್ತು ತಿರುವಿಗೆ ಮೊದಲು. ಬೈಕು ವಾಲಿದ ಮೇಲೂ ಕಣ್ಣು ಅಲ್ಲೇ ನೆಟ್ಟಿದ್ದರೆ ಬೈಕೂ ಅಲ್ಲಿಗೇ ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸುವವನು ಗುಂಡಿಗೇ ಬೀಳುವುದು ಇದರಿಂದಲೇ. ಹೆದರಿಕೆ ಮಾಡಿಸುವುದೂ ಇದನ್ನೇ. ಕಣ್ಣನ್ನು ಅಪಾಯಕ್ಕೆ ಕಟ್ಟಿಹಾಕುತ್ತದೆ, ಕೈಯನ್ನು ಬಿಗಿ ಮಾಡುತ್ತದೆ, ತಿರುವಿನ ನಡುವೆ ಬ್ರೇಕ್ ಹಿಡಿಸುತ್ತದೆ. ಮೊದಲ ಸಲ ಬೀಳಿಸಿದ್ದೂ ಬಹುಪಾಲು ಇವೇ.

ಅಮೆರಿಕದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತಲಿನ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದ ವರದಿ 1981ರಲ್ಲಿ ಬಂತು. ಬೇರೆ ವಾಹನ ಅಡ್ಡ ಬಾರದೆ ಆದ ಅಪಘಾತಗಳಲ್ಲಿ ಹೆಚ್ಚಿನವಕ್ಕೆ ಅವರು ಕಂಡ ಕಾರಣ ಸವಾರನ ತಪ್ಪು: ವಿಪರೀತ ಬ್ರೇಕ್ ಹಾಕಿ ಜಾರುವುದು, ಇಲ್ಲವೇ ವೇಗ ಹೆಚ್ಚಾಗಿ ತಿರುವಿನಿಂದ ಹೊರಗೆ ಹೋಗುವುದು. ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಮುಂದಿನದನ್ನು ಸಾಲದಷ್ಟು ಬಳಸುವುದೂ ಅವರಿಗೆ ಕಂಡಿತ್ತು. ವೇಗದ ಲೆಕ್ಕ ನಿರ್ದಯವಾದದ್ದು. 30 ಕಿ.ಮೀ. ವೇಗದಲ್ಲಿ ದಾಟುವ ತಿರುವನ್ನು 45ರಲ್ಲಿ ದಾಟಲು ಟಯರಿಗೆ ಎರಡೂಕಾಲು ಪಟ್ಟು ಹಿಡಿತ ಬೇಕು. ಆ ಹಿಡಿತವನ್ನು ಒದ್ದೆ ರಸ್ತೆ ಎಲ್ಲಿಂದ ತರಬೇಕು?

ಲೈಸೆನ್ಸಿಗೆಂದು ನಾವು 8 ಹಾಕಿದ್ದೇವೆ. ಆಗಿನ ಆಮೆ ನಡಿಗೆಯಲ್ಲಿ ಹ್ಯಾಂಡಲ್ ತಿರುಗಿಸಿದತ್ತ ಬೈಕು ತಿರುಗುತ್ತದೆ. ವೇಗ ಬಂದ ಮೇಲೆ ಹಾಗಲ್ಲ. ಬಲಕ್ಕೆ ವಾಲಬೇಕಾದರೆ ಬಲಗೈಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ದಿನವೂ ಕೈ ಇದನ್ನು ತಾನಾಗಿ ಮಾಡುತ್ತಿರುತ್ತದೆ. ಹೆದರಿ ಸೆಟೆದ ಕೈ ಮಾಡುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ಇನ್ನೊಂದನ್ನೂ ಯಾರೂ ಹೇಳುವುದಿಲ್ಲ: ಬಲ ತಿರುವಿನಲ್ಲಿ ಮಧ್ಯದ ಗೆರೆಗೆ ತಾಗಿ ಹೋಗುವವನ ಚಕ್ರ ಗೆರೆಯ ಈಚೆಗಿದ್ದರೂ ವಾಲಿದ ತಲೆ ಆಚೆಗಿರುತ್ತದೆ. ಎದುರಿನಿಂದ ಬರುವ ಬಸ್ಸಿನ ಪಾಲಿನ ರಸ್ತೆ ಅದು.

ಅಕ್ಕ ಬೈಕು ಮಾರಿಬಿಡು ಎನ್ನುತ್ತಿದ್ದಳು. ಅವನು ಮಾತ್ರ ಬಿದ್ದ ದಿನದ ಹೆಲ್ಮೆಟ್ಟನ್ನೇ ತೊಡುತ್ತಿದ್ದ. ಹೊರಚಿಪ್ಪಿನಲ್ಲಿ ಬರೀ ಒಂದು ಗೀರು. ಒಳಗಿನ ಥರ್ಮೋಕೋಲಿನಂಥ ಪದರ ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಉಬ್ಬುವುದಿಲ್ಲ, ಎರಡನೆಯ ಪೆಟ್ಟು ನೇರ ತಲೆಗೇ. ಅದನ್ನು ಬಿಸಾಡಿಸಿ ಹೊಸದು ಕೊಡಿಸಿದೆ. ಆಮೇಲೆ ಮಣಿಪಾಲದಲ್ಲಿ ಬೆಳಗ್ಗೆ ವಾಹನ ಕಡಿಮೆಯಿರುವಾಗ ಒಂದೇ ತಿರುವನ್ನು ಮತ್ತೆ ಮತ್ತೆ ಸುತ್ತಿದೆವು. ನೇರದಲ್ಲೇ ವೇಗ ಇಳಿಸುವುದು, ಗೇರ್ ಮೊದಲೇ ಬದಲಿಸುವುದು, ಮೊಣಕೈ ಸಡಿಲ ಬಿಡುವುದು, ಗಲ್ಲ ಎತ್ತಿ ತಿರುವು ಮುಗಿಯುವಲ್ಲಿಗೆ ನೋಡುವುದು. ಕೊನೆಯದೇ ಅವನಿಗೆ ಕಷ್ಟವಾದದ್ದು.

ಈಗ ಆಗುಂಬೆಗೆ ಹೋಗಬೇಕೆಂಬ ಆಸೆ ಅವನಿಗೆ. ಮಳೆ ಬಿಡಲಿ ಎಂದಿದ್ದೇನೆ. ಆ 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು ತಿರುಗಲು ರಸ್ತೆಯ ಅಗಲವೆಲ್ಲ ಬೇಕು. ಹಾರ್ನ್ ಕೇಳಿದಾಗ ತಿರುವಿಗೆ ಮೊದಲೇ ಬದಿಗೆ ನಿಂತು ಕಾಯುವ ತಾಳ್ಮೆ ಅವನಿಗಿದೆಯೇ ಎಂಬುದನ್ನು ನಾನಿನ್ನೂ ನೋಡಬೇಕಿದೆ.