ಕಾರಿಡಾರಿನಲ್ಲಿ ಮುಗಿದುಹೋದ ಮಾತು

ಪಿಎಚ್.ಡಿ. ಮಾಡುವ ಹುಡುಗನಿಗೆ ನಮ್ಮ ಕಡೆ ಒಂದು ಕಷ್ಟವಿದೆ. ಮನೆಯವರು ಅವನನ್ನು ಅರ್ಧ ಡಾಕ್ಟರೆಂದೇ ತಿಳಿಯುತ್ತಾರೆ. ಸಿರುಗುಪ್ಪದಲ್ಲಿರುವ ನನ್ನ ಸೋದರತ್ತೆಯ ಎದೆಯಲ್ಲಿ ಗಡ್ಡೆ ಮತ್ತೆ ಬೆಳೆದಾಗ ಮಾವ ಕುರುಗೋಡಿಗೆ ಫೋನ್ ಮಾಡಿ, "ನೀನೇ ಬಾರಪ್ಪ, ಡಾಕ್ಟರ ಇಂಗ್ಲಿಷು ನನಗ ತಿಳ್ಯಂಗಿಲ್ಲ" ಅಂದರು. ನಾನು ಓದುತ್ತಿರುವುದು ಹಳಗನ್ನಡದ ಶಾಸನಗಳನ್ನು. ಆದರೂ ಹೋದೆ.

ಮತ್ತೆ ಅಂದೆನಲ್ಲ, ಎಂಟು ತಿಂಗಳ ಹಿಂದೆ ಅದೇ ಜಾಗದಲ್ಲಿದ್ದುದನ್ನು ಸಾಧಾರಣ ಗಂಟೆಂದು ತೆಗೆದಿದ್ದರು. ಪರೀಕ್ಷೆಗೆ ಕಳಿಸಿದ್ದರೋ ಇಲ್ಲವೋ, ಕಾಗದವಂತೂ ನಮ್ಮ ಕೈಗೆ ಬರಲಿಲ್ಲ. ಈ ಸಲ ಬಳ್ಳಾರಿಯಲ್ಲಿ ಸೂಜಿಯಿಂದ ತುಣುಕು ತೆಗೆದು ನೋಡಿದಾಗ ಹೆಸರು ಸಿಕ್ಕಿತು: ಫಿಲೋಡಿಸ್ ಟ್ಯೂಮರ್. ಸ್ತನದ ಗಡ್ಡೆಗಳಲ್ಲಿ ನೂರಕ್ಕೆ ಒಂದೂ ಇರದಷ್ಟು ಅಪರೂಪದ್ದು. 1838ರಲ್ಲಿ ಜರ್ಮನಿಯ ಯೋಹಾನ್ನೆಸ್ ಮ್ಯೂಲರ್ ಇದನ್ನು ವಿವರಿಸಿದ. ಕೊಯ್ದಾಗ ಒಳಗೆ ಎಲೆಗಳು ಮಡಿಚಿಕೊಂಡಂತೆ ಕಂಡದ್ದರಿಂದ, ಎಲೆ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರು ಬಂತು. ನಿರಪಾಯದ್ದು, ಅಪಾಯದ್ದು, ಎರಡರ ನಡುವಿನದು ಎಂದು ಮೂರು ಬಗೆ. ಅತ್ತೆಯದು ನಡುವಿನದಿರಬಹುದು, ಪೂರ್ತಿ ತೆಗೆದು ನೋಡಿದ ಮೇಲೆಯೇ ಖಚಿತ ಎಂದರು.

ಇದಕ್ಕೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಕೀಮೋ, ರೇಡಿಯೇಷನ್ನಿನ ಪಾತ್ರ ಕಡಿಮೆ. ಸಾಮಾನ್ಯ ಸ್ತನ ಕ್ಯಾನ್ಸರಿನ ಹಾಗೆ ಕಂಕುಳಿನ ಗ್ರಂಥಿಗಳಿಗೆ ಹರಡುವುದು ಅಪರೂಪವಾದ್ದರಿಂದ ಅವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೊಡಕಿರುವುದು ಅಂಚಿನಲ್ಲಿ. ನಮ್ಮೂರ ಬಳ್ಳಾರಿ ಜಾಲಿಯನ್ನು ಕಡಿದವರಿಗೆ ಗೊತ್ತು, ಬುಡ ಬಿಟ್ಟು ಕಡಿದರೆ ಮಳೆಗಾಲಕ್ಕೆ ಮತ್ತೆ ಚಿಗುರುತ್ತದೆ. ಹಾಗಾಗಿ ಗಡ್ಡೆಯ ಸುತ್ತ ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯುವುದು ರೂಢಿ. ನಿರಪಾಯದ ಬಗೆಗೆ ಅಷ್ಟು ಬೇಕಿಲ್ಲ ಎಂಬ ಅಭಿಪ್ರಾಯ ಈಚೆಗೆ ಬಲವಾಗಿದೆ. ಅಷ್ಟು ಅಂಚು ಬಿಡಲು ಜಾಗವೇ ಇಲ್ಲದಷ್ಟು ಗಡ್ಡೆ ದೊಡ್ಡದಾಗಿದ್ದರೆ ಇಡೀ ಸ್ತನ ತೆಗೆಯಬೇಕಾಗುತ್ತದೆ.

ಅತ್ತೆಯ ವಿಷಯದಲ್ಲಿ ಎರಡೂ ಸಾಧ್ಯವಿತ್ತು. ಅಗಲವಾಗಿ ತೆಗೆದರೆ ಆಕಾರ ಕೆಡುತ್ತದೆ, ಮತ್ತೆ ಬಂದರೆ ಇನ್ನೊಂದು ಆಪರೇಷನ್. ಪೂರ್ತಿ ತೆಗೆದರೆ ಆ ಭಯ ಕಡಿಮೆ, ಆದರೆ ಅಂಚು ಸ್ವಚ್ಛವಾಗಿ ಸಿಕ್ಕಿದರೆ ಪೂರ್ತಿ ತೆಗೆದವರೇ ಹೆಚ್ಚು ಕಾಲ ಬದುಕುತ್ತಾರೆ ಎಂದೇನಿಲ್ಲ. ಸರ್ಜನ್ ಇದನ್ನೆಲ್ಲ ಚೆನ್ನಾಗಿಯೇ ಹೇಳಿದರು. ಹೇಳಿದ್ದು ಕಾರಿಡಾರಿನಲ್ಲಿ, ನನಗೆ, ಇಂಗ್ಲಿಷಿನಲ್ಲಿ. ಅತ್ತೆ ಒಳಗೆ ಮಂಚದ ಮೇಲೆ ಕೂತಿದ್ದರು. ಮಾವ, "ಪೂರಾ ತೆಗೆದುಬಿಡ್ರಿ ಸಾರ್, ಈ ವಯಸ್ಸಿನಾಗ ಇನ್ನೇನು" ಅಂದರು. ಅತ್ತೆಗೆ ಆಗ 46. ನಾನು ತಲೆಯಾಡಿಸಿದೆ. ಒಪ್ಪಿಗೆ ಪತ್ರದಲ್ಲಿ ಅತ್ತೆಯದೇ ಸಹಿ ಇದೆ. ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದವನು ನಾನು.

2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯಲ್ಲ ಎಂದಿತು ಕೋರ್ಟು. ಆ ತೀರ್ಪನ್ನು ಓದುವಾಗ ನನಗೆ ಸಮಾಧಾನವಾಗಬೇಕಿತ್ತು, ನಮ್ಮಲ್ಲಿ ಸಹಿ ಇತ್ತಲ್ಲ. ಆಗಲಿಲ್ಲ. ಅತ್ತೆ ಎಚ್ಚರವಾಗಿಯೇ ಇದ್ದರು, ಹತ್ತು ಹೆಜ್ಜೆ ದೂರದಲ್ಲಿ.

ನಮ್ಮ ಸಮರ್ಥನೆ ಎಲ್ಲರಿಗೂ ಗೊತ್ತಿರುವುದೇ: ಹೆದರುತ್ತಾಳೆ, ಹೇಳುವುದು ಬೇಡ. ಇದರಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಕುಟುಂಬವಿಲ್ಲದೆ ಒಬ್ಬಂಟಿಯಾಗಿ ನಿರ್ಧರಿಸುವ ಸ್ವತಂತ್ರ ವ್ಯಕ್ತಿ ಎಂಬ ಪಾಶ್ಚಾತ್ಯ ಚಿತ್ರ ಸಿರುಗುಪ್ಪದ ಮನೆಗೆ ಹೊಂದುವುದಿಲ್ಲ ಎಂಬ ವಾದವನ್ನೂ ಸೆಮಿನಾರುಗಳಲ್ಲಿ ನಾನೇ ಮಾಡಿದ್ದೇನೆ. ಆದರೆ ಅದು ಇಲ್ಲಿ ನಿಲ್ಲುವುದಿಲ್ಲ. ಒಂದೇ ದಾರಿ ಇದ್ದಿದ್ದರೆ ಅದು ವೈದ್ಯರ ಮಾತು. ದಾರಿ ಎರಡಿವೆ, ಫಲ ಹೆಚ್ಚುಕಡಿಮೆ ಸಮ ಎಂದಾಗ ವೈದ್ಯಶಾಸ್ತ್ರ ತನ್ನ ಕೆಲಸ ಮುಗಿಸಿ ಪಕ್ಕಕ್ಕೆ ಸರಿಯುತ್ತದೆ. ಉಳಿದ ಪ್ರಶ್ನೆ, ಯಾವ ಭಯದ ಜೊತೆ ಬದುಕಬಲ್ಲೆ ಎಂಬುದು. ಮತ್ತೆ ಬಂದೀತೆಂಬ ಭಯವೋ, ಕನ್ನಡಿಯ ಮುಂದಿನ ಸಂಕಟವೋ? ಅದಕ್ಕೆ ಮಾವನ ಬಳಿಯಾಗಲಿ ನನ್ನ ಬಳಿಯಾಗಲಿ ಉತ್ತರ ಇರಲು ಸಾಧ್ಯವೇ ಇರಲಿಲ್ಲ. ಹೆಚ್ಚು ಕತ್ತರಿಸಿದರೆ ಹೆಚ್ಚು ಕ್ಷೇಮ ಎಂಬ ನಮ್ಮ ನಂಬಿಕೆಯೂ ಹಳೆಯದು. ಅಮೆರಿಕದ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಗೆ ಸಾಮಾನ್ಯ ಸ್ತನ ಕ್ಯಾನ್ಸರಿಗೆ ಎದೆಯ ಸ್ನಾಯುವನ್ನೂ ಸೇರಿಸಿ ತೆಗೆಯುತ್ತಿದ್ದ. ಗಡ್ಡೆಯನ್ನಷ್ಟೇ ತೆಗೆದರೂ ಬದುಕುವ ಅವಧಿ ಕಡಿಮೆಯಾಗುವುದಿಲ್ಲ ಎಂದು ಬರ್ನಾರ್ಡ್ ಫಿಶರ್ ತಂಡದ ಅಧ್ಯಯನ 1985ರಲ್ಲಿ ತೋರಿಸುವವರೆಗೆ ಎಷ್ಟು ಹೆಂಗಸರನ್ನು ಯಾರೂ ಕೇಳಿರಲಿಲ್ಲವೋ.

ಹೊಲಿಗೆ ಬಿಚ್ಚಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದರು: "ನೀವಿಬ್ರೂ ಹೊರಗ ನಿಂತು ಮಾತಾಡಿದ್ದು ನನಗ ಕಾಣ್ತಿತ್ತು. ಕೇಳಿದ್ರೂ ನಾನು ಪೂರಾ ತೆಗೀರಿ ಅಂತಿದ್ನೇನೋ. ಆದ್ರ ಕೇಳ್ಲಿಲ್ಲಲ್ಲ."

ನಾನು ಮಾತು ಮರೆಸಲು ಗಡ್ಡೆಯ ಹೆಸರಿನ ಕಥೆ ಹೇಳಿದೆ, ಒಳಗೆ ಎಲೆಯ ಹಾಗೆ ಇರುತ್ತದಂತೆ ಎಂದು.

"ಯಾವ ಎಲಿ?" ಎಂದು ಕೇಳಿದರು.